ಹೆಸರಿಲ್ಲದ ದೂರು

ನಿಪ್ಪಾಣಿಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ: ಸೋಮವಾರ ಹನ್ನೊಂದಕ್ಕೆ ತಂಬಾಕು ಕಂಪನಿಯ ಕ್ಲಾರ್ಕ್ ಸಾರಿಕಾ ಗುರುತು ಸಿಗದಿರಲೆಂದು ತನ್ನ ಲ್ಯಾಪ್‌ಟಾಪಿನ ಕುಕೀಗಳನ್ನೆಲ್ಲ ಅಳಿಸಿದಳು. ಆಮೇಲೆ, ತಂಬಾಕು ಜರಡಿ ಹಿಡಿಯುವ ಹೆಂಗಸರಿಗೆ ಮಾಸ್ಕ್ ಕೊಡುತ್ತಿಲ್ಲವೆಂದು ಕಂಪನಿಯ ದೂರಿನ ಪುಟದಲ್ಲಿ ಹೆಸರಿಲ್ಲದೆ ಬರೆದಳು. ತನ್ನ ಕೆಲಸಕ್ಕೆ ಕುತ್ತು ಬರಬಾರದಿತ್ತು, ಅಷ್ಟೇ.

ಮಧ್ಯಾಹ್ನ ಕಂಪ್ಯೂಟರ್ ನೋಡಿಕೊಳ್ಳುವ ಸುಧೀರ ಬಂದ. "ಅಕ್ಕಾರ, ಅಜ್ಜನ ಹೊಲದ ಕಾಗದ ಟೈಪ್ ಮಾಡಾಕ ಹಳೇ ಮರಾಠಿ ಕಾಗದದ ಮೋಡಿ ಲಿಪಿ ಫಾಂಟ್ ಹಾಕೀರಲ್ರಿ?"

"ಹೌದಪಾ, ಅದಕ್ಕೇನೀಗ?"

"ಕುಕೀ ಅಳಸಿದ್ರೂ, ಲ್ಯಾಪ್‌ಟಾಪಿನ್ಯಾಗ ಯಾವ ಫಾಂಟ್ ಅದಾವ ಅಂತ ತೆರದ ಪುಟಕ್ಕ ಬ್ರೌಸರ್ ತಾನಾ ಹೇಳತೈತ್ರಿ. ಕನ್ನಡ, ಮರಾಠಿ ಎಲ್ಲಾರ ಕಡೆ ಅದಾವ. ಮೋಡಿ ಇಡೀ ಆಫೀಸಿನ್ಯಾಗ ನಿಮ್ಮದೊಂದ. ಸಾಹೇಬ್ರು ದೂರಿನ ಪುಟಕ್ಕ ಬಂದ ಫಾಂಟ್ ಪಟ್ಟೀನ, ನೀವು ದಿನಾ ಹೆಸರು ಹಾಕೋ ಹಾಜರಿ ಪುಟದ ಜೋಡಿ ತಾಳೆ ನೋಡ್ಯಾರ."

ಸಾರಿಕಾ ಫಾಂಟ್ ತೆಗೆಯಲು ಕೈ ಹಾಕಿದಳು.

"ಈಗ ತಗದ್ರ ಅದೂ ಗೊತ್ತಾಗತೈತ್ರಿ," ಎಂದ ಸುಧೀರ.

ಬುಧವಾರ ಅವಳನ್ನು ಅಥಣಿಯ ಗೋದಾಮಿಗೆ ವರ್ಗ ಮಾಡಿದರು.