ಸೌಜನ್ಯಾ ಬದುಕಿದ್ದಾಳೆ

"ಇದನ್ನ ಮೊದಲು ಹಾಕಿದ್ದು ಯಾರು?"

ಜ್ವಾಲಾಮಾಲಿನಿ ಕೇಳಿದ್ದು ಯಾರನ್ನೂ ಅಲ್ಲ. ಮೊಬೈಲು ಹಿಡಿದು, ಶೆಡ್ಡಿನ ತಗಡಿನ ಮಾಡನ್ನು ನೋಡುತ್ತ ಕೇಳಿದಳು. ನಿಟ್ಟೂರಿನ ಮಹಿಳಾ ಸಂಘದ ಉಪ್ಪಿನಕಾಯಿ ಶೆಡ್ಡು ಅದು. ಸೋಮವಾರ ಬೆಳಿಗ್ಗೆ ಒಂಬತ್ತಾದರೂ ಅಪ್ಪೆಮಿಡಿಯ ಬುಟ್ಟಿಗಳಿಗೆ ಯಾರೂ ಕೈ ಹಾಕಿರಲಿಲ್ಲ. ಐದು ಮಣೆಗಳ ಮೇಲೆ ಐವರು ಹೆಂಗಸರು ಸುಮ್ಮನೆ ಕೂತಿದ್ದರು. ಆರನೆಯ ಮಣೆ ಖಾಲಿ ಇತ್ತು. ಅದು ಕೆರಿಯಮ್ಮನದು.

ಕೆರಿಯಮ್ಮನ ಒಬ್ಬಳೇ ಮಗಳು ಸೌಜನ್ಯಾ. ಹೊಸನಗರದಲ್ಲಿ ಬಿ.ಕಾಂ. ಎರಡನೇ ವರ್ಷ. ಭಾನುವಾರ ಕಾಲೇಜಿನವರೆಲ್ಲ ಬಸ್ಸು ಮಾಡಿಕೊಂಡು ದೂರದ ಒಂದು ಮೋಜಿನ ಪಾರ್ಕಿಗೆ ಹೋಗಿದ್ದರು. ಅಲ್ಲಿ ಹಳಿಯ ಮೇಲೆ ಏರಿ, ಇಳಿದು, ಗಾಳಿ ಸೀಳಿಕೊಂಡು ಓಡುವ ರೋಲರ್ ಕೋಸ್ಟರ್. ಮಧ್ಯಾಹ್ನ ಮೂರೂವರೆಗೆ ಅದರ ಹಿಂದಿನ ಡಬ್ಬಿ ಹಳಿ ತಪ್ಪಿ ಕಂಬಕ್ಕೆ ಬಡಿಯಿತು. ಒಂಬತ್ತು ಮಂದಿಗೆ ಪೆಟ್ಟಾಯಿತು. ಅವರಲ್ಲಿ ಸೌಜನ್ಯಾ ಒಬ್ಬಳು.

ಆಂಬುಲೆನ್ಸು ಬರುವುದಕ್ಕೆ ಮೊದಲೇ ವೀಡಿಯೊ ಬಂತು. ಇಪ್ಪತ್ತೇಳು ಸೆಕೆಂಡಿನದು. ಯಾರದೋ ಕೂಗು, ಒಂಟಿ ಚಪ್ಪಲಿ, ಹಸಿರು ಚೂಡಿದಾರದ ಹುಡುಗಿಯೊಬ್ಬಳು ನೆಲದ ಮೇಲೆ. ಅದರ ಬೆನ್ನಿಗೇ ಸೌಜನ್ಯಾಳ ಫೋಟೊ ಬಂತು, ಕಾಲೇಜಿನ ಸಮಾರಂಭದಲ್ಲಿ ನಗುತ್ತ ನಿಂತದ್ದು. ಕೆಳಗೆ, "ಹೊಸನಗರದ ವಿದ್ಯಾರ್ಥಿನಿ ಇನ್ನಿಲ್ಲ." ಆಮೇಲೆ ಓಂ ಶಾಂತಿಗಳ ಸಾಲು. ಸಂಜೆಯ ಟಿ.ವಿ.ಯಲ್ಲಿ ಆ ಡಬ್ಬಿ ಕೆಂಪು ವೃತ್ತದೊಳಗೆ, ಭಯಹುಟ್ಟಿಸುವ ಸಂಗೀತದ ಜೊತೆ, ಮತ್ತೆ ಮತ್ತೆ ಬಡಿಯಿತು. ಸೆಲ್ಫಿ ತೆಗೆಯಲು ಎದ್ದು ನಿಂತಳಂತೆ ಎಂದು ಒಬ್ಬರು ಬರೆದರು. ಹೆಣ್ಣುಮಕ್ಕಳಿಗೆ ಈ ಮೋಜೆಲ್ಲ ಬೇಕಿತ್ತೇ ಎಂದು ಇನ್ನೊಬ್ಬರು. ಯಂತ್ರ ನಡೆಸುವವನು ಹೊರರಾಜ್ಯದವನು, ಹೊಡೆಯಬೇಕು ಅವನನ್ನು ಎಂದು ಮತ್ತೊಬ್ಬರು. ಇವರಲ್ಲಿ ಒಬ್ಬರೂ ಆ ಪಾರ್ಕು ಕಂಡವರಲ್ಲ.

ಬೆಳಿಗ್ಗೆ ಶೆಡ್ಡಿಗೆ ಬಂದವಳು ಆಶಾ ಕಾರ್ಯಕರ್ತೆ ವಿನಯಾ. ರಾತ್ರಿಯೇ ಶಿವಮೊಗ್ಗದ ಆಸ್ಪತ್ರೆಗೆ ಓಡಿದ್ದ ಕೆರಿಯಮ್ಮನ ಜೊತೆ ಫೋನಿನಲ್ಲಿ ಮಾತಾಡಿ, ಡ್ಯೂಟಿ ನರ್ಸಿನ ಹತ್ತಿರವೂ ಕೇಳಿ ಬಂದಿದ್ದಳು. ಹುಡುಗಿ ಬದುಕಿದ್ದಾಳೆ. ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಆಪರೇಷನ್ ಆಗಿದೆ.

ಆಗಲೇ ಜ್ವಾಲಾಮಾಲಿನಿ ಆ ಪ್ರಶ್ನೆ ಕೇಳಿದ್ದು. ಉತ್ತರ ಬೇಗ ಸಿಕ್ಕಿತು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನ ಸಂಘದವರು ಇರುವ ಒಕ್ಕೂಟದ ವಾಟ್ಸಾಪ್ ಗುಂಪನ್ನು ವಿನಯಾ ಮೇಲೆ ಮೇಲೆ ಸರಿಸುತ್ತ ಹೋದಳು. ಇನ್ನೂರ ಹನ್ನೆರಡು ಮಂದಿ ಇದ್ದ ಆ ಗುಂಪಿಗೆ, ಭಾನುವಾರ ಸಂಜೆ ನಾಲ್ಕು ಐವತ್ತೆರಡಕ್ಕೆ, ಮೊದಲು ಹಾಕಿದವರ ಹೆಸರು ಅಲ್ಲೇ ಇತ್ತು. ಜ್ವಾಲಾಮಾಲಿನಿ, ಕಾರ್ಯದರ್ಶಿ. ಫೋಟೊ, ವೀಡಿಯೊ, ಮೂರು ಕೈಮುಗಿದ ಚಿತ್ರ.

ತೀರ್ಥಹಳ್ಳಿಯ ಪರಿಚಯದವರು ಕಳಿಸಿದ್ದನ್ನು ಓದಿದ ಕೂಡಲೇ ಒತ್ತಿ ದಾಟಿಸಿದ್ದು ಅವಳಿಗೆ ಈಗ ನೆನಪಾಯಿತು.

"ಕಾರ್ಯದರ್ಶಿ ಅಂದ್ಮೇಲೆ ನಾನು ತಿಳಿಸ್ಬೇಕಲ್ಲ ವಿನಯಾ. ಕೆಟ್ಟ ಮನಸ್ಸಿಂದ ಹಾಕಿದ್ದಲ್ಲ."

"ಕೆಟ್ಟ ಮನಸ್ಸಿಂದ ಹಾಕೋರು ನಾಕು ಜನ ಮಾಲಿನಿಯಕ್ಕ. ಮೂರು ತಾಲ್ಲೂಕು ಸುತ್ತಿಸಿದ್ದು ಒಳ್ಳೆ ಮನಸ್ಸಿನೋರೇ," ಎಂದಳು ವಿನಯಾ. "ನೀವು ಯಾರನ್ನ ಕೇಳಿದ್ರಿ? ಆಸ್ಪತ್ರೆಯೋರನ್ನಾ, ಪೊಲೀಸ್ರನ್ನಾ, ಮನೆಯೋರನ್ನಾ?"

ಅವಳು ಯಾರನ್ನೂ ಕೇಳಿರಲಿಲ್ಲ. ಟಿ.ವಿ.ಯಲ್ಲೂ ಬಂತಲ್ಲ ಎನ್ನಲು ಬಾಯಿ ತೆರೆದಳು. ಟಿ.ವಿ.ಯಲ್ಲಿ ಬಂದದ್ದು ಆರು ಗಂಟೆಗೆ, ತಾನು ಹಾಕಿದ್ದು ಅದಕ್ಕೂ ಮೊದಲೇ ಎಂದು ಹೊಳೆದು ಬಾಯಿ ಮುಚ್ಚಿದಳು.

ಅಷ್ಟರಲ್ಲಿ ತುಮರಿ ಕಡೆಯಿಂದ ಫೋನು ಬಂತು. ಕೆರಿಯಮ್ಮನ ಅಣ್ಣ ತಿಮ್ಮಣ್ಣ. ಸೌಜನ್ಯಾ ಹತ್ತನೇ ಕ್ಲಾಸಿನವರೆಗೆ ಬೆಳೆದದ್ದು ಅವನ ಮನೆಯಲ್ಲಿ, ಅಜ್ಜಿ ಗುತ್ಯಮ್ಮನ ಸೆರಗು ಹಿಡಿದು. ನಿನ್ನೆ ಸಂಜೆ ನೆರೆಮನೆಯ ಸಂಘದವಳು ಅತ್ತುಕೊಂಡು ಬಂದು ಫೋಟೊ ತೋರಿಸಿದ್ದಳು. ಗುತ್ಯಮ್ಮ ಕೊಡದ ನೀರೆಲ್ಲ ಚೆಲ್ಲಿದರು. ಒಲೆ ಆರಿಸಿದರು. ತಲೆಗೆ ನೀರು ಹಾಕಿಕೊಂಡು ಬರಿನೆಲದಲ್ಲಿ ಮಲಗಿದರು. ಮಗಳ ಮಗಳಿಗೆ ಅಷ್ಟೆಲ್ಲ ಸೂತಕ ಹಿಡಿಯುವ ಕ್ರಮವಿಲ್ಲ ಎಂದು ಯಾರೋ ಹೇಳಿದ್ದಕ್ಕೆ, ಸಾಕಿದವಳು ನಾನು ಎಂದರು, ಅಷ್ಟೆ. ಆಗಿನಿಂದ ಒಂದು ತೊಟ್ಟು ನೀರು ಇಳಿದಿಲ್ಲ. ಎರಡು ಹೊತ್ತಿನ ಸಕ್ಕರೆ ಕಾಯಿಲೆಯ ಮಾತ್ರೆ ಹಾಗೇ ಇದೆ.

ಹುಡುಗಿ ಬದುಕಿದ್ದಾಳೆಂದು ಹೇಳಲಿಲ್ಲವೇ ಎಂದು ಜ್ವಾಲಾಮಾಲಿನಿ ಕೇಳಿದಳು. ಬೆಳಗಿನಿಂದ ಹತ್ತು ಸಲ ಹೇಳಿದ್ದೇವೆ, ನಂಬುತ್ತಿಲ್ಲ ಎಂದ ತಿಮ್ಮಣ್ಣ.

ಅದಕ್ಕೆ ಕಾರಣವೂ ಇತ್ತು. ನಮ್ಮ ಸೀಮೆಯಲ್ಲಿ ಸಾವಿನ ಸುದ್ದಿಯನ್ನು ಯಾರೂ ನೇರ ಹೇಳುವುದಿಲ್ಲ. ಸ್ವಲ್ಪ ಹುಷಾರಿಲ್ಲ, ಒಮ್ಮೆ ಬಂದು ಹೋಗಿ ಎನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು, ಬಿಳಿ ಪಂಚೆ ಚೀಲಕ್ಕೆ ಹಾಕಿ ಹೊರಡುತ್ತಾರೆ. ಈಗ ಕಾಲಿಗೆ ಸ್ವಲ್ಪ ಪೆಟ್ಟಾಗಿದೆ, ಬೇರೇನಿಲ್ಲ ಎಂದು ಜನ ನಿಜವನ್ನೇ ಹೇಳಿದರೂ ಅದು ಮುದುಕಿಯ ಕಿವಿಗೆ ಸಾವಾಗಿಯೇ ಬಿತ್ತು. ಎಷ್ಟು ಮೆತ್ತಗೆ ಹೇಳಿದರೆ ಅಷ್ಟು ಗಟ್ಟಿಯಾಯಿತು.

ಜ್ವಾಲಾಮಾಲಿನಿ ಎದ್ದಳು. ಮೊದಲು ತಾನು ಹಾಕಿದ್ದನ್ನು ಯಾರಿಗೂ ಕಾಣದಂತೆ ಅಳಿಸಿದಳು. ಈಗಾಗಲೇ ಇಳಿಸಿಕೊಂಡವರ ಮೊಬೈಲಿನಲ್ಲಿ ಅದು ಹಾಗೇ ಇರುತ್ತದೆ ಎಂದು ವಿನಯಾ ಎಚ್ಚರಿಸಿದ ಮೇಲೆ, ಅದೇ ಗುಂಪಿನಲ್ಲಿ ಬರೆದಳು: "ನಾನು ನಿನ್ನೆ ಹಾಕಿದ ಸುದ್ದಿ ಸುಳ್ಳು. ಸೌಜನ್ಯಾ ಬದುಕಿದ್ದಾಳೆ. ವಿಚಾರಿಸದೆ ಹಾಕಿದ್ದು ನನ್ನ ತಪ್ಪು. ನಿಮ್ಮಿಂದ ಯಾರಿಗೆ ಹೋಗಿದೆಯೋ ಅವರಿಗೂ ಇದನ್ನು ತಿಳಿಸಿ. ವೀಡಿಯೊ ಅಳಿಸಿ." ಸೆಕ್ರೆಟ್ರಿ ಅಮ್ಮನೋರು ಮೊದಲೇ ನೋಡಿಕೊಳ್ಳಬೇಕಿತ್ತು ಎಂದು ಒಬ್ಬಳು ಚುಚ್ಚಿದಳು. ಹೌದು, ಬೇಕಿತ್ತು ಎಂದು ಉತ್ತರ ಬರೆದು ವಿನಯಾಳ ಸ್ಕೂಟರಿನ ಹಿಂದೆ ಕೂತಳು.

ಕಾಡಿನ ರಸ್ತೆ ಹಿಡಿದು ಇಬ್ಬರೂ ತುಮರಿ ಕಡೆಗೆ ಹೊರಟರು. ಒಂದು ಕಡೆ ಸ್ಕೂಟರು ನಿಲ್ಲಿಸಿ, ಸಿಗ್ನಲ್ ಸಿಕ್ಕಿದಲ್ಲಿ, ವಿನಯಾ ಮತ್ತೆ ಆಸ್ಪತ್ರೆಗೆ ಫೋನು ಮಾಡಿ ಡಾಕ್ಟರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಳು.

ತಿಮ್ಮಣ್ಣನ ಅಂಗಳದಲ್ಲಿ ಜನ ಸೇರಿದ್ದರು. ಒಳಗೆ ಗುತ್ಯಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ತಿಮ್ಮಣ್ಣ ಕೆರಿಯಮ್ಮನಿಗೆ ಫೋನು ಹಚ್ಚಿ ಅವ್ವನ ಕಿವಿಗೆ ಹಿಡಿದ. ಅವ್ವನ ದನಿ ಕೇಳಿದ್ದೇ ಕೆರಿಯಮ್ಮ ಬಿಕ್ಕಿ ಬಿಕ್ಕಿ ಅತ್ತಳು, ಮಾತೇ ಹೊರಡಲಿಲ್ಲ. ಹುಡುಗಿಗೆ ಫೋನು ಕೊಡೋಣವೆಂದರೆ ಅವಳಿಗೆ ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಗುತ್ಯಮ್ಮ ಫೋನು ತಳ್ಳಿದರು.

"ನಿನ್ನ ಅಪ್ಪ ಹೋದಾಗ್ಲೂ ನಂಗೆ ಹಿಂಗೇ ಅಂದಿದ್ರು ತಿಮ್ಮಾ. ಜ್ವರ ಜೋರಿದೆ, ಬಾ ಅಂತ. ನಂಗೆ ಗೊತ್ತಾಗಲ್ಲ ಅನ್ಕಂಡ್ಯಾ?"

ವಿನಯಾ ಮುದುಕಿಯ ನಾಡಿ ಹಿಡಿದು ನೋಡಿ, ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದಳು. ಮುಖ ಗಂಭೀರವಾಯಿತು. ಇನ್ನೊಂದು ಹೊತ್ತು ಹೀಗೇ ಬಿಡುವಂತಿಲ್ಲ ಎಂದು ತಿಮ್ಮಣ್ಣನ ಕಿವಿಯಲ್ಲಿ ಹೇಳಿದಳು. ಅವನು ಮತ್ತೆ ಸಮಾಧಾನದ ಮಾತಿಗೆ ಬಾಯಿ ತೆರೆದ. ಜ್ವಾಲಾಮಾಲಿನಿ ಕೈ ಅಡ್ಡ ಹಿಡಿದಳು. ಮೆತ್ತನೆಯ ಮಾತೇ ಇಲ್ಲಿ ಕೆಡುಕು ಮಾಡುತ್ತಿದೆ ಎಂದು ಅವಳಿಗೆ ತಿಳಿದಿತ್ತು. ಚೀಟಿ ಹಿಡಿದು ಮುದುಕಿಯ ಎದುರು ನೆಲಕ್ಕೆ ಕೂತಳು.

"ಗುತ್ಯಮ್ಮಜ್ಜಿ, ನಾನು ಸಮಾಧಾನ ಹೇಳೋಕೆ ಬಂದಿದ್ದಲ್ಲ. ನಿಮ್ಮ ಮೊಮ್ಮಗಳು ಸತ್ತಳು ಅಂತ ಈ ಕಡೆ ಸುಳ್ಳು ಸುದ್ದಿ ಕಳಿಸಿದೋಳು ನಾನೇ. ಯಾರನ್ನೂ ಕೇಳದೆ ಕಳಿಸಿದೆ. ಬೈಯೋದಿದ್ರೆ ಬೈಯ್ರಿ. ಈಗ ಇರೋದು ಹೇಳ್ತೀನಿ, ಕೇಳಿ. ಬಲಗಾಲು, ತೊಡೆ ಮೂಳೆ, ಎರಡು ಕಡೆ ಮುರಿದಿದೆ. ಕೊಯ್ದು ಒಳಗೆ ಕಬ್ಬಿಣದ ಸರಳು ಹಾಕಿದಾರೆ. ಹಣೆಗೆ ಏಳು ಹೊಲಿಗೆ. ಮೂರು ತಿಂಗಳು ಕಾಲು ಊರೋ ಹಂಗಿಲ್ಲ. ಈ ಸಲದ ಪರೀಕ್ಷೆ ತಪ್ಪಿತು. ಆಮೇಲೂ ಕುಂಟಬಹುದು, ಡಾಕ್ಟ್ರು ಖಾತ್ರಿ ಹೇಳಲಿಲ್ಲ."

ಅಂಗಳದಲ್ಲಿದ್ದ ಹೆಂಗಸರು ಕಿಟಕಿಗೆ ಬಂದರು. ಇದೆಂಥ ಮಾತು, ಮುದುಕಿಯ ಮುಂದೆ ಎಂದು ಒಬ್ಬಳು ಗೊಣಗಿದಳು. ಗುತ್ಯಮ್ಮ ಮೆಲ್ಲನೆ ಈ ಕಡೆ ತಿರುಗಿದರು.

"ಕುಂಟ್ತಾಳೆ ಅಂದ್ಯಾ?"

"ಕುಂಟಬಹುದು ಅಂದೆ."

"ಹಣೆಗೆ ಎಷ್ಟು ಹೊಲಿಗೆ?"

"ಏಳು. ಕಲೆ ಉಳೀತದೆ."

ಮುದುಕಿ ಕೈಯೂರಿ ಎದ್ದು ಕೂತರು. ಜ್ವಾಲಾಮಾಲಿನಿಯ ಮುಖವನ್ನು ನೋಡಿದರು.

"ಸತ್ತೋರ ಮನೆಗೆ ಬಂದೋರು ಯಾರೂ ಹಿಂಗೆ ಮಾತಾಡಲ್ಲ," ಎಂದರು. ಮತ್ತೆ ಸೊಸೆಯ ಕಡೆಗೆ, "ಒಲೆ ಹಚ್ಚೇ," ಎಂದರು.

ಗಂಜಿ ಬೆಂದಿತು. ವಿನಯಾ ಹೇಳಿದಷ್ಟು ಉಂಡು ಮಾತ್ರೆ ನುಂಗಿದ ಮೇಲೆ ಗುತ್ಯಮ್ಮ ಜ್ವಾಲಾಮಾಲಿನಿಯನ್ನು ಬೈದರು. ಚೆನ್ನಾಗಿಯೇ ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕಿಟಕಿಯಲ್ಲಿದ್ದವರು ಒಬ್ಬೊಬ್ಬರಾಗಿ ಮೊಬೈಲು ತೆಗೆದು ಆ ಇಪ್ಪತ್ತೇಳು ಸೆಕೆಂಡುಗಳನ್ನು ಅಳಿಸಿದರು. ಹೇಗೆ ಅಳಿಸುವುದೆಂದು ತಿಳಿಯದವರಿಗೆ ವಿನಯಾ ತೋರಿಸಿಕೊಟ್ಟಳು.

ಈ ಕಥೆ ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅಪಘಾತದ ವೀಡಿಯೊ ನಿಮ್ಮ ಕೈಗೂ ಒಂದು ದಿನ ಬಂದೇ ಬರುತ್ತದೆ. ಅದರಲ್ಲಿ ಬಿದ್ದಿರುವುದು ಯಾರದೋ ಮಗು. ಅದರ ತಾಯಿಗೆ ತಿಳಿಯುವ ಮೊದಲು ಊರಿಗೆ ತಿಳಿಸುವ ಅವಸರ ನಮಗೇಕೆ? ಆಸ್ಪತ್ರೆಯೋ ಪೊಲೀಸರೋ ಮನೆಯವರೋ ಹೇಳದೆ ಯಾರನ್ನೂ ಸಾಯಿಸಬೇಡಿ. ವೀಡಿಯೊ ತನಿಖೆಗೆ ಬೇಕೆನಿಸಿದರೆ ಪೊಲೀಸ್ ಠಾಣೆಗೆ ಕೊಡಿ, ಗುಂಪಿಗೆ ಬೇಡ. ಕೈತಪ್ಪಿ ಹಾಕಿದ್ದರೆ ನಾಚಿಕೆ ಬೇಡ, ಹಾಕಿದ ಜಾಗದಲ್ಲೇ ತಪ್ಪೆಂದು ಬರೆಯಿರಿ. ಇನ್ನು ಕ್ಯಾಮೆರಾ ಮನೆಬಾಗಿಲಿಗೇ ಬಂದರೆ ಏನು ಮಾಡಬೇಕು? ಅದನ್ನು ನಾವು ಹೇಳುವುದಕ್ಕಿಂತ ಗುತ್ಯಮ್ಮನಿಂದಲೇ ಕೇಳಿ.

ಯಾಕೆಂದರೆ ಆ ದಿನ ಮಧ್ಯಾಹ್ನವೇ ಅಲ್ಲಿಗೆ ಬೈಕು ಬಂತು. ಬಂದವನು ಜ್ವಾಲಾಮಾಲಿನಿಯ ಅಕ್ಕನ ಮಗ ನಿಶ್ಚಲ್. ಮೊಬೈಲಿನಲ್ಲಿ ಸುದ್ದಿ ಚಾನೆಲ್ಲು ನಡೆಸುವವನು. ಬದುಕಿರುವವಳಿಗೆ ಸೂತಕ ಹಿಡಿದ ಮನೆ ಎಂಬ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಉರಿಯುವ ಒಲೆ ಕಂಡು ಅವನ ಮುಖ ಸಪ್ಪೆಯಾಯಿತು. ಅಜ್ಜಿ ನೆಲದಲ್ಲಿ ಮಲಗಿ ಅಳುವುದು ಸಿಕ್ಕಿದ್ದರೆ ರಾಜ್ಯವೇ ನೋಡುತ್ತಿತ್ತು ಎಂದ.

ಜ್ವಾಲಾಮಾಲಿನಿ ಅವನನ್ನು ಪಕ್ಕಕ್ಕೆ ಕರೆದಳು. ಆ ಯಂತ್ರವನ್ನು ಕೊನೆಯ ಸಲ ಪರೀಕ್ಷಿಸಿದವರು ಯಾರು, ಯಾವತ್ತು, ಕಾಗದ ಎಲ್ಲಿದೆ, ನಿನ್ನೆ ಬೆಳಿಗ್ಗೆಯೇ ಅದರಿಂದ ಸದ್ದು ಬರುತ್ತಿತ್ತೆಂದು ಕಾಲೇಜಿನ ಮಕ್ಕಳು ಹೇಳಿದ್ದು ನಿಜವೇ, ಅದನ್ನು ಹೋಗಿ ಕೇಳು ಎಂದಳು.

"ಅದನ್ನ ಯಾರು ನೋಡ್ತಾರೆ ಚಿಕ್ಕಮ್ಮ? ಕಣ್ಣೀರಿದ್ರೆ ಜನ ನೋಡ್ತಾರೆ. ಜನ ನೋಡಿದ್ರೇ ಪಾರ್ಕಿನೋರು ಹೆದರೋದು. ನಿಮ್ಮ ಹುಡುಗಿಗೇ ನ್ಯಾಯ ಸಿಗೋದು."

ಅವನ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಅವಳು ಅದನ್ನು ತೂಗಿ ನೋಡುವಷ್ಟರಲ್ಲಿ ಅವನು ಒಳಗೆ ಹೋಗಿ, ಗುತ್ಯಮ್ಮನ ಮುಂದೆ ಮೊಣಕಾಲೂರಿ, ಮೈಕು ಹಿಡಿದಿದ್ದ. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳಿದ.

"ಅಜ್ಜೀ, ನಿನ್ನೆ ಸುದ್ದಿ ಕೇಳಿದಾಗ ಹೆಂಗೆ ಅತ್ರೋ ಹಂಗೇ ಒಂದ್ಸಲ ಮಲಗಿ ಅಳ್ತೀರಾ? ಒಂದೇ ನಿಮಿಷ."

ಗುತ್ಯಮ್ಮ ಮೈಕನ್ನು ಎರಡು ಬೆರಳಲ್ಲಿ ಹಿಡಿದು ಅವನ ಕಡೆಗೇ ತಿರುಗಿಸಿದರು.

"ಅಳಲ್ಲ," ಎಂದರು. "ಅತ್ತಿದ್ದು ನನ್ನ ಮಗಿಗೆ. ನಿಂಗೆ ಅಳಲ್ಲ."