ಒಡೆದ ತುಟಿಯ ದೇವರು

ಮಹಾಂತೇಶನ ಕೈಗೆ ಚೆಂದ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಫ್ಲೆಕ್ಸ್ ಬಂದು ಚಳ್ಳಕೆರೆಯ ಪೇಂಟರುಗಳ ಹೊಟ್ಟೆಯ ಮೇಲೆ ಹೊಡೆದ ಮೇಲೂ, ಗೋಡೆಗೆ ದೇವರನ್ನು ಬರೆಸಬೇಕೆಂದರೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ದೇವರುಗಳೆಲ್ಲ ಗುಂಡು ಕೆನ್ನೆಯವರು, ಕೆಂಪು ತುಟಿಯವರು. ಮೊಳಕಾಲ್ಮೂರಿನ ಪ್ರಾರ್ಥನಾ ಮಂದಿರದಲ್ಲಿ ಯೇಸುವನ್ನು ಬರೆಯಲು ಕರೆದಾಗಲೂ ಅಂಥದ್ದೇ ಒಂದು ಮುಖ ಎಂದುಕೊಂಡು ಹೂಂ ಅಂದುಬಿಟ್ಟಿದ್ದ.

ಅಲ್ಲಿನ ಪಾಸ್ಟರ್ ಜೋಗಪ್ಪ ಕೇಳಿದ್ದು ಬೇರೆಯೇ. "ಅವನಿಗೆ ಅಂದಚೆಂದ ಏನೂ ಇರಲಿಲ್ಲ, ಜನ ಮುಖ ತಿರುಗಿಸ್ಕೊಂಡ್ರು ಅಂತ ನಮ್ಮ ಗ್ರಂಥದಾಗೆ ಐತಪ್ಪ. ಎಲ್ಲರಿಗಿಂತ ಚೆಲುವ ಅಂತಲೂ ಐತೆ. ಯಾವುದು ನಿಜ ಅಂತ ಮೊದಲ ಕಾಲದ ಗುರುಗಳೇ ವಾದ ಮಾಡಿದ್ರು. ಒಬ್ಬರು ಮಾತ್ರ, ತಾಯಿ ಹೊಟ್ಟೆಯೊಳಗೂ ಚೆಲುವ, ಏಟು ತಿಂದಾಗಲೂ ಚೆಲುವ ಅಂದ್ರು. ನೀನು ಆ ಏಟು ತಿಂದ ಮುಖ ಬರಿ."

ಒಪ್ಪಿಕೊಂಡ ಕೆಲಸ. ಒಲ್ಲದ ಮನಸ್ಸಿನಿಂದಲೇ ಬರೆದ. ಊದಿದ ಕಣ್ಣು, ಮೂಗಿನವರೆಗೆ ಸೀಳಿದ ಮೇಲ್ದುಟಿ. ಬರೆದು ಮುಗಿಸಿ ತಾನೇ ಅದರ ಕಡೆ ನೋಡಲಾರದೆ ಹೊರಗೆ ಬಂದ.

ಆ ಸಂಜೆ ಬಿ.ಜಿ. ಕೆರೆಯಿಂದ ಅತ್ತೆ ಕರಿಯಕ್ಕ ಫೋನ್ ಮಾಡಿದಳು. ಅವನ ಹೆಂಡತಿ, ಎಂಟು ತಿಂಗಳ ಬಸುರಿ ವನಜಾಕ್ಷಿ ತವರಿನಲ್ಲಿದ್ದಳು.

"ಅಳಿಯಂದ್ರೇ, ನಾಳೆ ವನಜಾ ನಿಮ್ಮ ಚಿತ್ರ ನೋಡಾಕೆ ಬರ್ತಾಳಂತೆ, ಹೇಳಿದ್ರೆ ಕೇಳಲ್ಲ. ಚೆಂದಾಗಿ ಬರ್ದೀರಿ ತಾನೆ? ಬಸುರಿ ವಿಕಾರ ನೋಡಬಾರದು. ಗಂಡ ಆದೋನು ಮಾಡಲೂಬಾರದು."

ಮಹಾಂತೇಶನಿಗೆ ತಾನು ಬರೆದ ತುಟಿ ನೆನಪಾಯಿತು. ಗ್ರಹಣದ ದಿನ ಮಗುವಿನ ತುಟಿ ಸೀಳೀತೆಂದು ಇದೇ ಕರಿಯಕ್ಕ ಮಗಳನ್ನು ಕತ್ತಲ ಕೋಣೆಯಲ್ಲಿ ಅಲುಗಾಡದಂತೆ ಮಲಗಿಸಿದ್ದಳು. ಅಷ್ಟು ಕಾಪಾಡಿದ ತುಟಿಯನ್ನು ತಾನೇ ಕೈಯಾರೆ ಸೀಳಿಬಿಟ್ಟೆನೇ? ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ ಧೀರ, ಊಟ ಬಿಟ್ಟು ಬಣ್ಣದ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡ.

ಬೆಳಿಗ್ಗೆ ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಬಂದ. ಮೈಬಣ್ಣ ಕಲಸಿ ಸೀಳನ್ನು ಮುಚ್ಚತೊಡಗಿದ. ಅರ್ಧ ಮುಚ್ಚಿತ್ತು. ಬಾಗಿಲಲ್ಲಿ ಬಳೆ ಸದ್ದಾಯಿತು.

"ಒಳಗೆ ಬರಬ್ಯಾಡ ವನಜಾ. ಇದನ್ನ ನೋಡಬ್ಯಾಡ," ಎಂದು ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಂತ.

ಅವಳು ಅವನ ಕೈ ಸರಿಸಿದಳು. ತುಂಬ ಹೊತ್ತು ಆ ಮುಖವನ್ನೇ ನೋಡಿದಳು. ಅವನು ಅವಳ ಹೊಟ್ಟೆಯನ್ನೇ ನೋಡುತ್ತಿದ್ದ, ಏನೋ ಆಗಿಹೋಯಿತು ಎಂಬಂತೆ. ಅವಳು ಬೆಂಚಿನ ಮೇಲೆ ಕುಸಿದು ಅಳತೊಡಗಿದಳು.

"ತಪ್ಪಾಯ್ತು," ಎಂದ. "ನನ್ನ ಕೈಯಿಂದ ಮಗೂಗೆ ಏನಾದ್ರೂ ಆದ್ರೆ..."

"ಇದನ್ನ ಯಾವಾಗ ಬರದ್ರಿ?"

"ನಿನ್ನೆ."

"ಐದನೇ ತಿಂಗಳ ಸ್ಕ್ಯಾನಿಂಗ್‌ನಾಗೇ ಡಾಕ್ಟ್ರು ಹೇಳಿದ್ರು, ಮಗೂಗೆ ಸೀಳುತುಟಿ ಐತೆ ಅಂತ. ಹುಟ್ಟಿದ ಮೇಲೆ ಹೊಲಿಬೋದಂತೆ. ಅವ್ವಂಗೂ ಹೇಳಿಲ್ಲ. ನಿಮಗೆ ಹೇಳಾಕೆ ಹೆದರ್ಕಂಡೆ."

"ನನಗ್ಯಾಕೆ ಹೆದರಬೇಕು?"

"ಚೆಂದ ಬಿಟ್ಟು ಬೇರೆ ನೋಡಿದೋರಲ್ಲ ನೀವು. ಏಟು ತಿಂದ ಮುಖ ಬರೀತಿದೀನಿ ಅಂತ ಫೋನ್‌ನಾಗೆ ಅಂದ್ರಲ್ಲ, ಹೆಂಗೆ ಬರೀತೀರೋ ನೋಡಾನ ಅಂತ ಬಂದೆ. ಮಗೂನ ಕೈಗೆ ಕೊಟ್ಟಾಗ ನೀವು ಮುಖ ತಿರುಗಿಸ್ಕೊಂಡ್ರೆ ನಾನೇನು ಮಾಡ್ಲಿ?"

ಅವಳ ಕಣ್ಣು ಗೋಡೆಯ ಹಸಿ ಬಣ್ಣದ ಮೇಲಿತ್ತು, ಆಮೇಲೆ ಅವನ ಕೈಯ ಕುಂಚದ ಮೇಲೆ. ಅವನಿಗೆ ತಲೆ ಎತ್ತಲಾಗಲಿಲ್ಲ. ಅವಳು ಹೆದರಿದ್ದು ಯಾವುದಕ್ಕೋ, ಅದನ್ನೇ ಅವನು ಬೆಳಿಗ್ಗೆಯಿಂದ ಮಾಡುತ್ತಿದ್ದ.

ಕುಂಚ ಕೆಳಗಿಟ್ಟು ಹಳೆ ಬಟ್ಟೆ ತೆಗೆದುಕೊಂಡ. ಹಸಿ ಬಣ್ಣವನ್ನು ಮೆಲ್ಲಗೆ, ಎಳೆಗೂಸಿನ ಬಾಯಿ ಒರೆಸುವ ಹಾಗೆ ಒರೆಸಿದ. ಸೀಳಿದ ತುಟಿ ಮತ್ತೆ ಕಾಣಿಸಿಕೊಂಡಿತು. ಹೆದರಿಕೆ ಹೋಗಿರಲಿಲ್ಲ. ಆದರೂ ಅವನು ಅದನ್ನೇ ನೋಡುತ್ತ ನಿಂತ.