ತೂಗುವ ಒಲೆ

ತುಂಗಭದ್ರೆಯ ಹಿನ್ನೀರಿಗೆ ಹೊಸ ಹರಿಗೋಲು ಇಳಿಯಿತೆಂದರೆ ಅದನ್ನು ಪರೀಕ್ಷಿಸಲು ಅಂಬಿಗ ಗಾಳೆಪ್ಪನದೊಂದು ಕ್ರಮವಿತ್ತು. ಊರಿನಲ್ಲೇ ಅತಿ ಬಿರುಸು ಮಾತಿನ ಹೆಂಗಸನ್ನು ಹತ್ತಿಸಿ, ಮುಂದೆ ಕಂಠಮಟ್ಟ ತುಂಬಿದ ತಂಬಿಗೆ ಇಟ್ಟು, ಆಚೆ ದಡಕ್ಕೆ ಹೋಗಿ ಬರಬೇಕು. ನೀರು ತುಳುಕಿದರೆ ಹರಿಗೋಲು ಹೆಣೆದವನ ಮನೆಗೆ ವಾಪಸು.

ಶಿವಯೋಗಪ್ಪನವರು ಕಟ್ಟಿದ್ದು ಹರಿಗೋಲಲ್ಲ. ಮುಂಬಯಿಯ ದೋಣಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಡಗಿಯಾಗಿದ್ದು, ಹಗರಿಬೊಮ್ಮನಹಳ್ಳಿಗೆ ಮರಳಿ, ಆರು ವರ್ಷ ಹಿಡಿದು ಮಾಡಿದ ಮೂವತ್ತೆರಡು ಅಡಿಯ ಹಾಯಿದೋಣಿ. ಒಳಗೆ ಮಲಗಲು ಹಲಗೆ, ಅಡಿಗೆಗೆ ಮೂಲೆ; ಮಗುಚದಂತೆ ತಳದಲ್ಲಿ ಕಬ್ಬಿಣದ ಭಾರ. ಕಾರವಾರದಲ್ಲಿ ಕಡಲಿಗಿಳಿಸಿ ಹೆಂಡತಿ ದಾಕ್ಷಾಯಣಮ್ಮನನ್ನು ಗೋಕರ್ಣಕ್ಕೆ ಕರೆದೊಯ್ಯಬೇಕೆಂದಿದ್ದರು. ಹಿಂದಿನ ಶ್ರಾವಣದಲ್ಲಿ ಆಕೆ ಲಿಂಗೈಕ್ಯಳಾದಳು. ಆಕೆಯ ರುದ್ರಾಕ್ಷಿ ಸರವನ್ನಾದರೂ ಆ ದಾರಿಯಲ್ಲೇ ಒಯ್ಯಬೇಕೆಂದು ಹರಕೆ ಹೊತ್ತರು. ಒಬ್ಬರೇ ಹೋಗಲಾಗದು, ಜೊತೆಗೆ ಗಾಳೆಪ್ಪ ಬೇಕು. ಗಾಳೆಪ್ಪನಿಗೆ ಪರೀಕ್ಷೆ ಬೇಕು.

"ಹಾಯಿದೋಣಿ ಗಾಳಿಗೆ ಓರೆಯಾಗೇ ಓಡತೈತಿ ಗಾಳೆಪ್ಪ. ಮತ್ತೆ ತಾನೇ ಎದ್ದು ನಿಲ್ಲತೈತಿ. ಅದು ದೋಷಲ್ಲ."

"ಓರೆ ನಿಂತ ಬಂಡಿ ನೀವು ಹತ್ತತೀರೇನ್ರಿ? ತಂಬಿಗಿ ಏನು ಹೇಳತೈತೋ ಅದೇ ನನ್ನ ಮಾತು."

ಬಿರುಸು ಮಾತಿಗೆ ದಾಕ್ಷಾಯಣಮ್ಮನ ತಂಗಿ ನಾಗಲಿಂಗಮ್ಮನನ್ನು ಬಿಟ್ಟರೆ ಬೇರೆ ಯಾರಿದ್ದರು? ತಂಬಿಗೆ ಹಿಡಿದು ಹತ್ತಿದವಳೇ ಶುರುಮಾಡಿದಳು. "ಆರು ವರ್ಷ ಕೆತ್ತಿ ಕೆತ್ತಿ ಇದನ್ನ ಮಾಡಿದ್ಯಾ ಮಾವ? ಬಾಗಲಾ ನೋಡಿದ್ರ ಕೋಳಿಗೂಡಿನಂಗ ಐತಿ." ಬಿಸಿಲು ತಾಳದೆ ಒಳಗಿಳಿದಳು. ಅಲ್ಲಿಂದಲೂ ದನಿ ಬಂತು. "ಒಲಿ ಜೋಲಿ ಹೊಡೀತೈತಲ್ಲೋ, ಬಡಿಯಾಕ ಎರಡು ಮೊಳಿ ಸಿಗಲಿಲ್ಲೇನು?"

ಶಿವಯೋಗಪ್ಪನವರು ಹಾಯಿ ಬಿಚ್ಚಿದರು, ಮನಸ್ಸಿನಲ್ಲೇ ಶಿವನನ್ನು ನೆನೆದರು. ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಬೀಸಿ ದೋಣಿ ಒಂದು ಮಗ್ಗುಲಿಗೆ ಮಲಗಿತು. ಗಾಳೆಪ್ಪನ ಮಂಡಕ್ಕಿ ಚೀಲ ಹೊಳೆ ಪಾಲಾಯಿತು. ಅವನು ಹಾಯಿಕಂಬವನ್ನು ತಬ್ಬಿಕೊಂಡು ಮೈಲಾರಲಿಂಗನಿಂದ ಹಿಡಿದು ಹೊಳಲಿನ ಅನಂತಶಯನನವರೆಗೆ ಎಲ್ಲರನ್ನೂ ಕರೆದ. ಒಳಗೆ ಪಾತ್ರೆ, ಹಾಸಿಗೆ, ನಾಗಲಿಂಗಮ್ಮ ಒಟ್ಟಾಗಿ ಉರುಳಿದ ಸದ್ದಾಯಿತು. ತಂಬಿಗೆಯ ಕಥೆ ಮುಗಿಯಿತೆಂದು ಶಿವಯೋಗಪ್ಪನವರು ಕಣ್ಣು ಮುಚ್ಚಿದರು.

ದೋಣಿ ತಾನೇ ನೆಟ್ಟಗಾಯಿತು. ಆಚೆ ದಡ ಮುಟ್ಟಿ ಮರಳಿದ ಮೇಲೆ ಗಾಳೆಪ್ಪ ಒಳಗೆ ಇಣುಕಿದ.

"ತಂಬಿಗಿ ಎಲ್ಲೈತಿ ಬೇ?"

"ನನ್ನ ಸೊಂಟ ಎಲ್ಲೈತಿ ಅಂತ ಕೇಳಲಿಲ್ಲ ನೀನು. ಅಕಾ, ಒಲಿ ಮ್ಯಾಗ. ಒಳಗಿಳಿದ ಕೂಡಲೇ ಅಲ್ಲಿಟ್ಟೆ."

ಎರಡು ಕೀಲುಗಳ ಮೇಲೆ ತೂಗುತ್ತಿದ್ದ ಒಲೆ ದೋಣಿ ಮಲಗಿದಾಗಲೂ ಮಟ್ಟವಾಗಿಯೇ ನಿಂತಿತ್ತು. ತಂಬಿಗೆಯಿಂದ ಒಂದು ಹನಿಯೂ ಚೆಲ್ಲಿರಲಿಲ್ಲ. ಗಾಳೆಪ್ಪ ಒಲೆಯ ಕೆಳಗೆ ಕೈಯಾಡಿಸಿ, ಒದ್ದೆಯಾಗದ ಬೆರಳನ್ನು ಬಹಳ ಹೊತ್ತು ನೋಡಿದ.

"ಇದನ್ನ ಹಿಂಗ ಯಾಕ ತೂಗಬಿಟ್ಟೀರಿ?"

"ದೋಣಿ ಓರೆಯಾಗತೈತಿ ಅಂದಿದ್ದಕ್ಕ ನಮ್ಮಾಕಿ ಹೇಳಿದ್ಲು, ಒಲಿ ನೆಟ್ಟಗ ನಿಲ್ಲದ ಮನ್ಯಾಗ ನಾ ಕಾಲಿಡಂಗಿಲ್ಲ ಅಂತ," ಎಂದರು ಶಿವಯೋಗಪ್ಪನವರು. ಅಷ್ಟು ಹೇಳಿ ವಿಭೂತಿ ಹಚ್ಚಿದ ಹಣೆಯನ್ನು ಸುಮ್ಮನೆ ಒರೆಸಿಕೊಂಡರು.

ಗಾಳೆಪ್ಪ ಕೆಮ್ಮಿದ. "ಗೋಕರ್ಣಕ್ಕ ಯಾವತ್ತು ಹೊರಡೋದ್ರಿ?"

"ನಾನೂ ಬರ್ತೀನಿ," ಎಂದಳು ನಾಗಲಿಂಗಮ್ಮ, ಸೊಂಟ ನೀವಿಕೊಳ್ಳುತ್ತ. "ಆದ್ರ ಒಲಿ ತೂಗಿದಂಗ ನನ್ನ ಹಾಸಿಗೀನೂ ತೂಗಹಾಕು."